ಐದು ರೆಪೊಗೆ ಒಂದೇ ಲಿಂಟ್ ಕಾನ್ಫಿಗ್

ಐದು ರೆಪೊದಲ್ಲೂ (ಒಂದೊಂದು ಪ್ರಾಜೆಕ್ಟಿನ ಕೋಡ್ ಇಡುವ ಜಾಗ) ಇಎಸ್‌ಲಿಂಟ್ ಅನ್ನೋ, ಜಾವಾಸ್ಕ್ರಿಪ್ಟ್ ಕೋಡಿನ ತಪ್ಪು ಹುಡುಕುವ ಟೂಲಿನ ನಿಯಮಗಳ ಫೈಲ್ ಕಾಪಿ ಮಾಡಿ ಇಟ್ಟಿದ್ದೇವೆ, ಒಂದರಲ್ಲಿ ಬದಲಾಯಿಸಿದರೆ ಉಳಿದವು ಹಾಗೇ ಇರುತ್ತವೆ, ಏನು ಮಾಡೋದು ಅಂತ ಕೇಳಿದ್ದೀರಿ ಅಲ್ವಾ?

ಮೊದಲು ಆ ಕಾಪಿ ಮಾಡೋದನ್ನು ಬಿಡಿ. ನಿಯಮಗಳನ್ನೆಲ್ಲ ಒಂದು ಪುಟ್ಟ ಎನ್‌ಪಿಎಂ ಪ್ಯಾಕೇಜ್ (ಬೇರೆ ಪ್ರಾಜೆಕ್ಟುಗಳು ಇನ್‌ಸ್ಟಾಲ್ ಮಾಡಿಕೊಳ್ಳುವ ಕೋಡಿನ ಕಟ್ಟು) ಮಾಡಿ, ಅಂಥ ಪ್ಯಾಕೇಜ್ ಇಡುವ ಕಂಪನಿಯ ಪ್ರೈವೇಟ್ ರಿಜಿಸ್ಟ್ರಿಗೆ ಹಾಕಿ. 2024ರ ಏಪ್ರಿಲ್‌ನಲ್ಲಿ ಬಂದ ಇಎಸ್‌ಲಿಂಟ್ 9ರಿಂದ ಸೆಟ್ಟಿಂಗುಗಳನ್ನೆಲ್ಲ ಒಂದೇ ಪಟ್ಟಿಯಾಗಿ ಬರೆಯುವ ಫ್ಲಾಟ್ ಕಾನ್ಫಿಗ್ಗೇ ಡಿಫಾಲ್ಟ್, ಹಾಗಾಗಿ ನಿಮ್ಮ ಪ್ಯಾಕೇಜ್ ಒಂದು ಅರೇ (ಪಟ್ಟಿ) ಎಕ್ಸ್‌ಪೋರ್ಟ್ ಮಾಡಿದರೆ ಸಾಕು, ಪ್ರತಿ ರೆಪೊದಲ್ಲೂ ಅದನ್ನು ಇಂಪೋರ್ಟ್ ಮಾಡಿ ಆ ಪ್ರಾಜೆಕ್ಟ್‌ಗೆ ಬೇಕಾದ ಬದಲಾವಣೆಗಳನ್ನು ಕೆಳಗೆ ಸೇರಿಸಬಹುದು. ಒಂದೇ ನಿಯಮ ಎರಡು ಕಡೆ ಇದ್ದರೆ ಕೆಳಗಿನದೇ ಗೆಲ್ಲುತ್ತದೆ. ಹೆಚ್ಚುವರಿ ನಿಯಮ ಕೊಡುವ ಪ್ಲಗಿನ್‌ಗಳನ್ನು ಪ್ಯಾಕೇಜಿನ ಡಿಪೆಂಡೆನ್ಸಿಯಲ್ಲಿ (ಜೊತೆಗೇ ಇನ್‌ಸ್ಟಾಲ್ ಆಗುವ ಪಟ್ಟಿ) ಇಡಿ, ಇಎಸ್‌ಲಿಂಟ್ ಮಾತ್ರ ಪಿಯರ್ ಡಿಪೆಂಡೆನ್ಸಿಯಲ್ಲಿರಲಿ, ಅಂದರೆ ಆಯಾ ರೆಪೊದಲ್ಲಿರುವ ಇಎಸ್‌ಲಿಂಟನ್ನೇ ಬಳಸಲಿ.

ಸ್ಪೇಸ್, ಸೆಮಿಕೋಲನ್ ಜಗಳ ಕೋಡನ್ನು ತಾನೇ ಒಪ್ಪವಾಗಿಸುವ ಪ್ರೆಟಿಯರ್ ಟೂಲಿಗೆ ಬಿಟ್ಟುಬಿಡಿ. ಇಎಸ್‌ಲಿಂಟ್‌ನವರೇ 2023ರಲ್ಲಿ ಆ ಬಗೆಯ ನಿಯಮಗಳನ್ನು ಡೆಪ್ರಿಕೇಟ್ ಮಾಡಿದರು, ಅಂದರೆ ಇನ್ನು ಬಳಸಬೇಡಿ ಅಂದರು.

ನಿಜವಾದ ತಲೆನೋವು ಹಳೆಯ ಕೋಡ್. ಕೋರಮಂಗಲದ ನಮ್ಮ ಹಳೆಯ ಆಫೀಸಿನಲ್ಲಿ ನಾನು ಜಾಣತನ ತೋರಿಸೋಕೆ ಹೋಗಿ ಒಂದೇ ದಿನ ಎಲ್ಲ ನಿಯಮವನ್ನೂ ಬಿಲ್ಡ್ ನಿಲ್ಲಿಸುವ ‘ಎರರ್’ ಮಟ್ಟಕ್ಕೆ ಏರಿಸಿದೆ. ಬೆಳಗ್ಗೆ ಯಾರ ಬಿಲ್ಡೂ ಪಾಸಾಗಲಿಲ್ಲ, ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ಫೈಲಿನ ಮೇಲೆ ನಿಯಮಗಳನ್ನೇ ಆಫ್ ಮಾಡುವ ಡಿಸೇಬಲ್ ಕಾಮೆಂಟ್ ಅಂಟಿಸಿ ಸುಮ್ನೆ ಕಾಫಿಗೆ ಹೋದರು! ಈಗ ಅಷ್ಟು ಕಷ್ಟವಿಲ್ಲ. ಇಎಸ್‌ಲಿಂಟ್ 9.24ರಿಂದ ಬಲ್ಕ್ ಸಪ್ರೆಶನ್ ಇದೆ, ಇರುವ ತಪ್ಪುಗಳನ್ನು ಒಂದು ಫೈಲಿಗೆ ಬರೆದಿಟ್ಟು ಹೊಸ ತಪ್ಪಿಗೆ ಮಾತ್ರ ಎರರ್ ಕೊಡುತ್ತದೆ. ಮೊದಲು ಒಂದು ಚಿಕ್ಕ ರೆಪೊದಲ್ಲಿ ಹಾಕಿ ನೋಡಿ, ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಎರರ್ ಇಲ್ಲೇ ಹಾಕಿ.