ಅಡುಗೆಮನೆ ಅಂಚೆ: ಬೀಗರು ಬರುವ ಗುರುವಾರ

ನವೆಂಬರ್ ತಿಂಗಳ ನಾಲ್ಕನೆಯ ಗುರುವಾರ ಅಮೆರಿಕದಲ್ಲಿ ಥ್ಯಾಂಕ್ಸ್‌ಗಿವಿಂಗ್. ಮಕ್ಕಳ ಮನೆಗೆಂದು ಅಲ್ಲಿಗೆ ಹೋಗಿರುವ ತಾಯಂದಿರಿಂದ, ಓದಲು ಹೋದ ಹುಡುಗರಿಂದ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಆ ದಿನದ ಅಡುಗೆಯನ್ನೇ ಕುರಿತವು. 19 ವರ್ಷ ಮಿಷಿಗನ್‌ನಲ್ಲಿ ಸಂಸಾರ ಮಾಡಿ, ಆ ಹಬ್ಬದಡುಗೆಯನ್ನು ಕೆಡಿಸಿ ಕೆಡಿಸಿಯೇ ಕಲಿತವಳು ನಾನಾದ್ದರಿಂದ ಈ ಸಂಚಿಕೆಯ ಅಂಕಣವನ್ನು ಅದಕ್ಕೇ ಬಿಟ್ಟುಕೊಟ್ಟಿದ್ದೇನೆ.

ಪ್ರಶ್ನೆ: ನಾನು ಶಿವಮೊಗ್ಗದವಳು, ಸದ್ಯ ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ಮಗಳ ಮನೆಯಲ್ಲಿದ್ದೇನೆ. ಅಳಿಯ ಅಮೆರಿಕದವರು. ಥ್ಯಾಂಕ್ಸ್‌ಗಿವಿಂಗ್ ದಿನ ಬೀಗರು ಊಟಕ್ಕೆ ಬರುತ್ತಾರೆ. ಮನೆಯಲ್ಲೇ ಟರ್ಕಿ ಕೋಳಿ ಬೇಯುತ್ತದೆ. ನಾವು ಶುದ್ಧ ಸಸ್ಯಾಹಾರಿಗಳು. ಆ ದಿನ ನಾನು ಕೋಣೆಯಲ್ಲಿ ಕುಳಿತುಬಿಡುವುದು ಸರಿಯಲ್ಲವೆಂದು ತಿಳಿದಿದೆ. ಏನು ಮಾಡಲಿ, ಏನನ್ನು ತಿನ್ನಬಹುದು?

ಉತ್ತರ: ಕೋಣೆಯಲ್ಲಿ ಕುಳಿತುಕೊಳ್ಳಬೇಡಿ. ಆದರೆ ಬೀಗರ ಔತಣವೆಂದು ಹನ್ನೆರಡು ಬಗೆ ಮಾಡುವ ಹುರುಪಿಗೂ ಹೋಗಬೇಡಿ. ಆ ದಿನ ಅಲ್ಲಿನ ಮನೆಗಳಲ್ಲಿ ಜಗಳ ಹುಟ್ಟುವುದು ಮಡಿ ಮೈಲಿಗೆಗಿಂತ ಹೆಚ್ಚಾಗಿ ಓವನ್ನಿನ ಕಾರಣಕ್ಕೆ. ಓವನ್ ಇರುವುದು ಒಂದು. ಅದರೊಳಗೆ ಕೋಳಿಯೇ ಮೂರು ನಾಲ್ಕು ಗಂಟೆ ಕುಳಿತಿರುತ್ತದೆ, ಉಳಿದ ತಟ್ಟೆಗಳೆಲ್ಲ ಅದು ಹೊರಗೆ ಬರುವುದನ್ನೇ ಕಾಯುತ್ತಿರುತ್ತವೆ. ಆದ್ದರಿಂದ ಓವನ್ನನ್ನು ಮಗಳು ಅಳಿಯನಿಗೆ ಬಿಟ್ಟು, ಮೇಲಿನ ಒಲೆಗಳಲ್ಲಿ ಎರಡನ್ನು ನಿಮ್ಮದೆಂದು ಮೊದಲೇ ಹೇಳಿಟ್ಟುಕೊಳ್ಳಿ. ನಿಮ್ಮ ಈಳಿಗೆ ಅಲ್ಲಿರಲಿಕ್ಕಿಲ್ಲ. ಒಂದು ಬೇರೆ ಚಾಕು, ಒಂದು ಬೇರೆ ಮಣೆ, ಎರಡು ಸೌಟು ತೆಗೆದಿಟ್ಟುಕೊಂಡರೆ ಮನಸ್ಸು ಹಗುರವಾಗುತ್ತದೆ.

ಇನ್ನು ಮೇಜಿನ ಮೇಲಿನದು. ನೋಡಲು ತರಕಾರಿಯಂತಿದ್ದರೂ ನಿಮಗೆ ಆಗದಂಥವು ಅಲ್ಲಿ ಹಲವಿವೆ. ಸ್ಟಫಿಂಗ್ ಎಂಬುದು ಬ್ರೆಡ್ಡಿನ ತುಂಡು, ಈರುಳ್ಳಿ, ಸೆಲರಿಗಳದ್ದೇ ಆದರೂ ಬಹಳ ಮನೆಗಳಲ್ಲಿ ಅದನ್ನು ನೆನೆಸುವುದು ಕೋಳಿಯ ಸಾರಿನಲ್ಲಿ. ಗ್ರೇವಿಯಂತೂ ಟರ್ಕಿಯಿಂದ ಇಳಿದ ರಸವೇ. ಸಿಹಿಗೆಣಸಿನ ಮೇಲೆ ಬೆಳ್ಳಗೆ ಉಬ್ಬಿ ಕಂದಾಗಿರುವ ಮಾರ್ಷ್‌ಮ್ಯಾಲೋದಲ್ಲಿ ಸಾಮಾನ್ಯವಾಗಿ ಜೆಲಟಿನ್ ಇರುತ್ತದೆ, ಅದು ಪ್ರಾಣಿಯ ಚರ್ಮ ಮೂಳೆಗಳಿಂದ ತೆಗೆದದ್ದು. ಪೈಗಳ ಹಿಟ್ಟಿನ ತಳಕ್ಕೆ ಕೆಲವರು ಹಂದಿಯ ಕೊಬ್ಬನ್ನು ಬಳಸುತ್ತಾರೆ; ಕುಂಬಳಕಾಯಿ ಪೈಯ ಹೂರಣಕ್ಕೆ ಮೊಟ್ಟೆ ಬಿದ್ದೇ ಬೀಳುತ್ತದೆ. ಬೆಣ್ಣೆ ಹಾಲು ಹಾಕಿ ಕಲಸಿದ ಆಲೂಗಡ್ಡೆ, ಕ್ರ್ಯಾನ್‌ಬೆರಿ ಸಾಸು, ಬೇಯಿಸಿದ ಮುಸುಕಿನ ಜೋಳ ಇವುಗಳಲ್ಲಿ ಅಷ್ಟಾಗಿ ಭಯವಿಲ್ಲ. ಏನೇ ಇರಲಿ, ಊಟಕ್ಕೆ ಕುಳಿತ ಮೇಲೆ ಒಂದೊಂದನ್ನೂ ತೋರಿಸಿ ಇದರಲ್ಲೇನಿದೆ ಎಂದು ಕೇಳುವುದು ಬೀಗಿತ್ತಿಗೆ ಮುಜುಗರ. ಮಗಳಿಂದ ಹಿಂದಿನ ದಿನವೇ ಕೇಳಿಸಿಡಿ.

ನೀವು ಮಾಡುವುದಕ್ಕೆ ನನ್ನ ಸಲಹೆ ಎರಡೇ ಪದಾರ್ಥ. ಅಮೆರಿಕದವರ ಈ ಊಟದಲ್ಲಿ ಹುರುಳಿಕಾಯಿ ಕ್ಯಾಸರೋಲ್ ಹಳೆಯ ಸಂಪ್ರದಾಯವೆಂಬಂತೆ ಕಾಣಿಸುತ್ತದೆ, ಆದರೆ ಅದು ಹುಟ್ಟಿದ್ದು 1955ರಲ್ಲಿ, ಕ್ಯಾಂಪ್‌ಬೆಲ್ ಸೂಪ್ ಕಂಪನಿಯ ಅಡುಗೆಮನೆಯಲ್ಲಿ, ಡಾರ್ಕಸ್ ರೈಲಿ ಎಂಬಾಕೆಯ ಕೈಯಲ್ಲಿ. ಡಬ್ಬಿಯ ಅಣಬೆ ಸೂಪು, ಹುರುಳಿಕಾಯಿ, ಮೇಲೆ ಕರಿದ ಈರುಳ್ಳಿ, ಅಷ್ಟೇ. ಅದೇ ಹುರುಳಿಕಾಯಿಯನ್ನು ನೀವು ಸಣ್ಣಗೆ ಹೆಚ್ಚಿ, ಸಾಸಿವೆ, ಉದ್ದಿನಬೇಳೆ, ಇಂಗಿನ ಒಗ್ಗರಣೆಗೆ ಹಾಕಿ, ಹಸಿರು ಮಾಸುವ ಮೊದಲೇ ಇಳಿಸಿ ತೆಂಗಿನತುರಿ ಉದುರಿಸಿ. ಪರಿಚಿತ ತರಕಾರಿಯಾದ್ದರಿಂದ ಅವರು ಅಳುಕಿಲ್ಲದೆ ಬಡಿಸಿಕೊಳ್ಳುತ್ತಾರೆ. ಎರಡನೆಯದು ಗೆಣಸಿನ ಹೋಳಿಗೆ. ಅಲ್ಲಿನ ಕಿತ್ತಳೆ ಬಣ್ಣದ ಗೆಣಸಿನಲ್ಲಿ ನಮ್ಮ ಗೆಣಸಿಗಿಂತ ನೀರು ಹೆಚ್ಚು. ಬೇಯಿಸಿ ಹಿಸುಕಿ ಬೆಲ್ಲ ಸೇರಿಸಿದ ಮೇಲೆ ಬಾಣಲೆಯ ತಳ ಬಿಡುವವರೆಗೆ ಕೆದಕದಿದ್ದರೆ ಕಣಕ ಹರಿದು ಹೂರಣವೆಲ್ಲ ಕಾವಲಿಗೆ ಅಂಟುತ್ತದೆ. ಮಂಗಳವಾರವೇ ಮಾಡಿ ಫ್ರಿಜ್ಜಿನಲ್ಲಿಟ್ಟರೆ ಗುರುವಾರ ತುಪ್ಪ ಸವರಿ ಬಿಸಿ ಮಾಡಿದರಾಯಿತು. ಒಗ್ಗರಣೆಗೆ ಒಣಮೆಣಸಿನಕಾಯಿ ಹಾಕುವ ಮುನ್ನ ಕಿಟಕಿ ತೆರೆದು ಒಲೆಯ ಮೇಲಿನ ಫ್ಯಾನು ಹಾಕುವುದನ್ನು ಮರೆಯಬೇಡಿ. ಹೊಗೆಯ ಅಲಾರಂ ಕೂಗತೊಡಗಿದರೆ ನೆಂಟರ ಮುಂದೆ ಟವೆಲ್ ಬೀಸುತ್ತ ನಿಲ್ಲಬೇಕಾಗುತ್ತದೆ.

ಇನ್ನೊಂದು ಮಾತು. ಊಟಕ್ಕೆ ಮೊದಲು ಒಬ್ಬೊಬ್ಬರೂ ತಾವು ಯಾವುದಕ್ಕೆ ಕೃತಜ್ಞರೆಂದು ಹೇಳುವ ರೂಢಿ ಅನೇಕ ಮನೆಗಳಲ್ಲಿದೆ. ಮನೆಯವರಿಗೇ ಧನ್ಯವಾದ ಹೇಳುವುದು ನಮಗೆ ಸಂಕೋಚ. ನಿಮ್ಮ ಸರದಿ ಬಂದಾಗ ಕನ್ನಡದಲ್ಲೇ ಒಂದು ವಾಕ್ಯ ಹೇಳಿಬಿಡಿ, ಮಗಳು ಇಂಗ್ಲಿಷಿನಲ್ಲಿ ತಿಳಿಸಲಿ.

ಪ್ರಶ್ನೆ: ಮೇಡಂ, ನಾನು ಮಂಡ್ಯ ಕಡೆಯವನು, ಓಹಾಯೋದ ಕೊಲಂಬಸ್‌ನಲ್ಲಿ ಓದುತ್ತಿದ್ದೇನೆ. ಊರಿಗೆ ಹೋಗಲಾಗದ ಹತ್ತು ಗೆಳೆಯರು ಸೇರಿ ಮೊದಲ ಬಾರಿಗೆ ಇಡೀ ಟರ್ಕಿ ಬೇಯಿಸಬೇಕೆಂದಿದ್ದೇವೆ. ನಾಟಿಕೋಳಿ ಸಾರು ಮಾಡಿ ಗೊತ್ತು, ಇದು ಗೊತ್ತಿಲ್ಲ.

ಉತ್ತರ: ತಲೆಗೆ ಒಂದು ಪೌಂಡಿನ ಲೆಕ್ಕದಲ್ಲಿ ಕೊಳ್ಳುವುದು ಅಲ್ಲಿನ ವಾಡಿಕೆ, ಮಂಡ್ಯದ ಹತ್ತು ಮಂದಿಗೆ 12 ಪೌಂಡಿನದು, ಅಂದರೆ ಸುಮಾರು ಐದೂವರೆ ಕಿಲೋದ್ದು ಇರಲಿ. ನಮ್ಮೂರಲ್ಲಿ ಕೋಳಿ ಅಂದೇ ಕೊಯ್ದು ಅಂದೇ ಒಲೆಗೇರುತ್ತದೆ. ಅಲ್ಲಿ ಅಂಗಡಿಯಿಂದ ಬರುವ ಟರ್ಕಿ ಬಹುಪಾಲು ಕಲ್ಲಿನಂತೆ ಹೆಪ್ಪುಗಟ್ಟಿರುತ್ತದೆ. ಫ್ರಿಜ್ಜಿನ ಕೆಳಗಿನ ಅಂಕಣದಲ್ಲಿ, ನೀರು ಇಳಿದರೆ ಹಿಡಿಯಲು ಅಗಲವಾದ ತಟ್ಟೆಯೊಳಗಿಟ್ಟರೆ, ಪ್ರತಿ ನಾಲ್ಕೈದು ಪೌಂಡಿಗೆ ಒಂದು ಇಡೀ ದಿನ ಬೇಕು. ಹೀಗಾಗಿ ನಿಮ್ಮ ಅಡುಗೆ ಶುರುವಾಗುವುದು ಗುರುವಾರವಲ್ಲ, ಭಾನುವಾರ.

ನಾನಿದನ್ನು ಕಲಿತ ಬಗೆ ಹೇಳುತ್ತೇನೆ. ಮೊದಲ ವರ್ಷ ಬುಧವಾರ ರಾತ್ರಿ ಫ್ರೀಜರಿನಿಂದ ತೆಗೆದೆ. ಮರುದಿನ ಬೆಳಿಗ್ಗೆ ಮೇಲೆ ಒತ್ತಿದರೆ ಬೆರಳು ಇಳಿಯುತ್ತಿತ್ತು, ಹೊಟ್ಟೆಯೊಳಗೆ ಕೈ ಹಾಕಿದರೆ ಐಸು ಬೆರಳಿಗೆ ಅಂಟಿಕೊಂಡಿತು. ಅದರೊಳಗೊಂದು ಪೊಟ್ಟಣವಿರುತ್ತದೆ, ಕತ್ತು ಮತ್ತು ಗುಂಡಿಗೆ, ಈಲಿ ಇತ್ಯಾದಿ ಇರುವುದು. ಅದನ್ನು ಕೀಳಲಾಗದೆ ಹಾಗೆಯೇ ಓವನ್ನಿಗಿಟ್ಟೆ. ಸಂಜೆ ಐದಕ್ಕೆ ಬಂದ ನೆಂಟರು ಹತ್ತಕ್ಕೆ ಅನ್ನ, ತಿಳಿಸಾರು, ಹಪ್ಪಳ ಉಂಡು ಹೋದರು. ನೀವೂ ಹಾಗೆ ಸಿಕ್ಕಿಹಾಕಿಕೊಂಡರೆ ಒಂದು ದಾರಿಯಿದೆ: ಸೋರದ ಚೀಲದಲ್ಲಿ ಕಟ್ಟಿ ತಣ್ಣೀರಿನಲ್ಲಿ ಮುಳುಗಿಸಿ, ಅರ್ಧ ಗಂಟೆಗೊಮ್ಮೆ ನೀರು ಬದಲಾಯಿಸುತ್ತ ಪೌಂಡಿಗೆ ಅರ್ಧ ಗಂಟೆಯಂತೆ ಕರಗಿಸಬೇಕು. 12 ಪೌಂಡಿಗೆ ಆರು ಗಂಟೆ. ಹೀಗೆ ಕರಗಿಸಿದ್ದನ್ನು ಕೂಡಲೇ ಬೇಯಿಸಬೇಕು. ಬಿಸಿನೀರು ಬೇಡ, ರಾತ್ರಿಯಿಡೀ ಹೊರಗಿಡುವುದಂತೂ ಬೇಡವೇ ಬೇಡ.

ಅರಿಶಿನ ಹಾಕಿ ನಲ್ಲಿಯ ಕೆಳಗೆ ತೊಳೆಯುವ ನಮ್ಮ ಅಭ್ಯಾಸವನ್ನೂ ಇಲ್ಲಿ ಬಿಡಿ. ಅಷ್ಟು ದೊಡ್ಡ ಹಕ್ಕಿಯ ಮೇಲೆ ನೀರು ಬಿಟ್ಟರೆ ಸಿಡಿಯುವ ಹನಿಗಳ ಜೊತೆ ರೋಗಾಣುಗಳು ಸಿಂಕಿನ ಸುತ್ತಲಿನ ಪಾತ್ರೆಗಳಿಗೆಲ್ಲ ತಗಲುತ್ತವೆ. ಕಾಗದದಿಂದ ಒರೆಸಿದರೆ ಸಾಕು. ಚರ್ಮದ ಕೆಳಗೆ ಬೆರಳು ತೂರಿಸಿ ಸಡಿಲಿಸಿ, ಬೆಣ್ಣೆಯೊಂದಿಗೆ ಶುಂಠಿ, ಬೆಳ್ಳುಳ್ಳಿ, ಹಸಿಮೆಣಸು, ಕೊತ್ತಂಬರಿ ಸೊಪ್ಪು ಅರೆದದ್ದನ್ನು ಬುಧವಾರ ರಾತ್ರಿಯೇ ಎದೆಯ ಮಾಂಸಕ್ಕೆ ಸವರಿ. ಮೇಲಷ್ಟೇ ಮಸಾಲೆ ಬಳಿದರೆ ಒಳಗೆ ಸಪ್ಪೆಯಾಗಿಯೇ ಉಳಿಯುತ್ತದೆ. ಕೆಲವು ಟರ್ಕಿಗಳಿಗೆ ಉಪ್ಪುನೀರನ್ನು ಮೊದಲೇ ಏರಿಸಿರುತ್ತಾರೆ, ಚೀಟಿ ಓದಿ ಉಪ್ಪು ಹಾಕಿ. 325 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಈ ತೂಕಕ್ಕೆ ಸುಮಾರು ಮೂರು ಗಂಟೆ. ಬಣ್ಣ ನೋಡಿ ಬೆಂದಿತೆನ್ನಬೇಡಿ. ಒಂದು ಅಡುಗೆ ಥರ್ಮಾಮೀಟರ್ ಕೊಂಡು, ಎದೆಯ ದಪ್ಪ ಭಾಗಕ್ಕೂ ತೊಡೆಯ ಒಳಸಂದಿಗೂ ಮೂಳೆಗೆ ತಾಗದಂತೆ ಚುಚ್ಚಿ ನೋಡಿ. ಎರಡೂ ಕಡೆ 165 ಡಿಗ್ರಿ, ಅಂದರೆ 74 ಸೆಲ್ಸಿಯಸ್ ಮುಟ್ಟಿರಬೇಕು. ಹೊರತೆಗೆದ ಮೇಲೆ 20 ನಿಮಿಷ ಮುಟ್ಟದೆ ಬಿಟ್ಟರೆ ಕತ್ತರಿಸುವಾಗ ರಸವೆಲ್ಲ ಹಲಗೆಗೆ ಹರಿಯುವುದಿಲ್ಲ. ಆ 20 ನಿಮಿಷದಲ್ಲಿ ಓವನ್ ಖಾಲಿಯಿರುತ್ತದೆ, ಉಳಿದವನ್ನು ಬಿಸಿ ಮಾಡಿಕೊಳ್ಳಿ.

ಪ್ರಶ್ನೆ: ಸೊಸೆ ಕ್ರ್ಯಾನ್‌ಬೆರಿ ಹಣ್ಣಿನ ಎರಡು ಪೊಟ್ಟಣ ತಂದಿಟ್ಟಿದ್ದಾಳೆ. ಬಾಯಿಗೆ ಹಾಕಿಕೊಂಡರೆ ಹಲ್ಲು ಜುಮ್ಮೆನ್ನುವ ಹುಳಿ. ಇದರಿಂದ ನಮ್ಮದೇನಾದರೂ ಮಾಡಬಹುದೇ? (ಹಾಸನದ ಓದುಗಿ, ಬಾಸ್ಟನ್‌ನಿಂದ)

ಉತ್ತರ: ಧಾರಾಳವಾಗಿ. ನೀವು ಅದರ ತವರಿನಲ್ಲೇ ಇದ್ದೀರಿ. ವಿಸ್ಕಾನ್ಸಿನ್ ಬಿಟ್ಟರೆ ಅದನ್ನು ಹೆಚ್ಚು ಬೆಳೆಯುವುದು ಮ್ಯಾಸಚೂಸೆಟ್ಸ್‌ನಲ್ಲೇ. ನಮ್ಮ ಕವಳಿಕಾಯಿಯ ಹುಳಿ, ಜೊತೆಗೆ ಸ್ವಲ್ಪ ಒಗರು ಎಂದುಕೊಳ್ಳಿ. 340 ಗ್ರಾಮಿನ ಒಂದು ಪೊಟ್ಟಣಕ್ಕೆ ಮೂರು ಚಮಚ ಎಣ್ಣೆಯಲ್ಲಿ ಸಾಸಿವೆ, ಕಡಲೆಬೇಳೆ, ಇಂಗು, ಕರಿಬೇವು ಸಿಡಿಸಿ, ಹಣ್ಣು, ಅರಿಶಿನ, ಉಪ್ಪು, ಕಾಲು ಲೋಟ ನೀರು ಹಾಕಿ ಮುಚ್ಚಿ. ಎರಡು ಮೂರು ನಿಮಿಷಕ್ಕೆ ಮುಚ್ಚಳದ ಕೆಳಗೆ ಪಟಪಟ ಒಡೆಯುವ ಸದ್ದು ಕೇಳಿಸುತ್ತದೆ. ಸದ್ದು ನಿಂತ ಮೇಲೆ ಎರಡು ಚಮಚ ಸಾರಿನ ಪುಡಿ, ಹುರಿದು ಪುಡಿ ಮಾಡಿದ ಮೆಂತ್ಯ ಒಂದು ಚಿಟಿಕೆ, ಮುಕ್ಕಾಲು ಲೋಟ ಬೆಲ್ಲ. ಹುಣಸೆಹಣ್ಣು ಬೇಡ. ಪೆಕ್ಟಿನ್ ಹೆಚ್ಚಿರುವ ಹಣ್ಣಾದ್ದರಿಂದ ಆರಿದಂತೆ ತಾನಾಗಿಯೇ ಗಟ್ಟಿಯಾಗುತ್ತದೆ. ಗೊಜ್ಜು ಇನ್ನೂ ನೀರಾಗಿದೆ ಎನ್ನಿಸುವಾಗಲೇ ಒಲೆ ಆರಿಸಿ. ಎರಡನೆಯ ಪೊಟ್ಟಣವನ್ನು ಫ್ರೀಜರಿಗೆ ಹಾಕಿ, ಚಿತ್ರಾನ್ನಕ್ಕೆ ನಿಂಬೆಹಣ್ಣಿಲ್ಲದ ದಿನ ಒದಗುತ್ತದೆ.

ಪ್ರಶ್ನೆ: ಥ್ಯಾಂಕ್ಸ್‌ಗಿವಿಂಗ್ ಅಮೆರಿಕದವರ ಸುಗ್ಗಿ ಹಬ್ಬವೆಂದು ಶಾಲೆಯಲ್ಲಿ ಮಕ್ಕಳಿಗೆ ಹೇಳಬಹುದೇ? (ಶಿಕ್ಷಕರು, ಧಾರವಾಡ)

ಉತ್ತರ: ಹೇಳಬಹುದು, ಅರ್ಧಕ್ಕೆ ನಿಲ್ಲಿಸಬೇಡಿ. 1621ರ ಶರತ್ಕಾಲದಲ್ಲಿ ಈಗಿನ ಮ್ಯಾಸಚೂಸೆಟ್ಸ್‌ನ ಪ್ಲಿಮತ್‌ನಲ್ಲಿ ಇಂಗ್ಲೆಂಡಿನಿಂದ ಬಂದ ವಲಸಿಗರು ಮೊದಲ ಫಸಲು ಕೈಗೆ ಬಂದಾಗ ಔತಣ ಮಾಡಿದರು. ಅಲ್ಲಿನ ಮೂಲನಿವಾಸಿ ವಾಂಪನೋಗ್ ಜನರ ನಾಯಕ ಮ್ಯಾಸಸೋಯಿಟ್ ತೊಂಬತ್ತು ಮಂದಿಯೊಂದಿಗೆ ಬಂದು ಮೂರು ದಿನ ಇದ್ದ, ಅವನ ಜನ ಐದು ಜಿಂಕೆ ಬೇಟೆಯಾಡಿ ತಂದರು. ಎಡ್ವರ್ಡ್ ವಿನ್ಸ್‌ಲೋ ಬರೆದ ಪತ್ರದಲ್ಲಿ ಇಷ್ಟು ಸಿಗುತ್ತದೆ. ಅದರಲ್ಲಿ ಬೇಟೆಯ ಹಕ್ಕಿಗಳೆಂದಿದೆಯೇ ಹೊರತು ಟರ್ಕಿಯ ಹೆಸರಿಲ್ಲ. ರಾಷ್ಟ್ರೀಯ ಹಬ್ಬವಾಗಿ ಬೇರೂರಿದ್ದು ಅಂತರ್ಯುದ್ಧದ ನಡುವೆ, 1863ರಲ್ಲಿ ಲಿಂಕನ್ ಘೋಷಣೆ ಹೊರಡಿಸಿದ ಮೇಲೆ. ಅದಕ್ಕಾಗಿ ಸಾರಾ ಜೋಸೆಫಾ ಹೇಲ್ ಎಂಬ ಪತ್ರಿಕಾ ಸಂಪಾದಕಿ ವರ್ಷಗಟ್ಟಲೆ ಅಧ್ಯಕ್ಷರುಗಳಿಗೆ ಬರೆದಿದ್ದರು. ನಾಲ್ಕನೆಯ ಗುರುವಾರವೆಂದು ಕಾನೂನಾದದ್ದು 1941ರಲ್ಲಿ. ಆದರೆ ಭೂಮಿ ಕಳೆದುಕೊಂಡವರ ಕಥೆಯೂ ಇದೇ ದಿನದ್ದು: 1970ರಿಂದ ಮೂಲನಿವಾಸಿಗಳು ಅದೇ ಪ್ಲಿಮತ್‌ನಲ್ಲಿ ಅಂದು ಶೋಕದ ದಿನ ಆಚರಿಸುತ್ತ ಬಂದಿದ್ದಾರೆ. ಭೂಮಿ ಹುಣ್ಣಿಮೆಯಲ್ಲಿ ಹೊಲಕ್ಕೆ ಬುತ್ತಿ ಒಯ್ದು ಚರಗ ಚೆಲ್ಲುವುದನ್ನು ಬಲ್ಲ ಮಕ್ಕಳಿಗೆ ಒಂದು ವ್ಯತ್ಯಾಸ ಬೇಗ ತಿಳಿಯುತ್ತದೆ. ನಾವು ಮೊದಲು ಉಣಿಸುವುದು ನೆಲಕ್ಕೆ, ಅವರು ಉಣಿಸುವುದು ನೆಂಟರಿಗೆ.

ಪ್ರಶ್ನೆ: ಡಬ್ಬಿಯಲ್ಲಿ ಸಿಗುವ ಕುಂಬಳಕಾಯಿಯಿಂದ ಕಡುಬು ಆಗುತ್ತದೆಯೇ?

ಉತ್ತರ: ಆಗುತ್ತದೆ. ಆದರೆ ಪಕ್ಕಪಕ್ಕದಲ್ಲೇ ಎರಡು ಬಗೆಯ ಡಬ್ಬಿ ಇಟ್ಟಿರುತ್ತಾರೆ. ಪೈ ಫಿಲ್ಲಿಂಗ್ ಎಂದು ಬರೆದಿರುವುದರಲ್ಲಿ ಸಕ್ಕರೆ, ಚಕ್ಕೆ, ಲವಂಗ ಮೊದಲೇ ಸೇರಿರುತ್ತವೆ. ಬರೀ ಕುಂಬಳಕಾಯಿ ಇರುವುದನ್ನು ತನ್ನಿ, ಅಕ್ಕಿತರಿ ಸ್ವಲ್ಪ ಹೆಚ್ಚಿಗೆ ಹಾಕಿ.

ಪ್ರಶ್ನೆ: ಮಿಕ್ಕ ಟರ್ಕಿಯನ್ನು ಎಷ್ಟು ದಿನ ಇಡಬಹುದು?

ಉತ್ತರ: ಊಟ ಮುಗಿಸಿ ಹರಟುತ್ತ ಮೇಜಿನ ಮೇಲೆಯೇ ಬಿಡುವುದರಿಂದಲೇ ಹೆಚ್ಚು ಕೆಡುವುದು. ಎರಡು ಗಂಟೆಯೊಳಗೆ ಮೂಳೆಯಿಂದ ಬಿಡಿಸಿ, ಆಳವಿಲ್ಲದ ಡಬ್ಬಿಗಳಲ್ಲಿ ಫ್ರಿಜ್ಜಿಗಿಟ್ಟರೆ ಮೂರು ನಾಲ್ಕು ದಿನ. ಮೂಳೆಗಳನ್ನು ಎಸೆಯಬೇಡಿ; ಮೆಣಸು, ಜೀರಿಗೆ, ಬೆಳ್ಳುಳ್ಳಿ ಜಜ್ಜಿ ಹಾಕಿ ಕುದಿಸಿದ ಸಾರು ಶುಕ್ರವಾರದ ಚಳಿಗೆ ಹಬ್ಬದೂಟಕ್ಕಿಂತ ರುಚಿ, ಇದು ನನ್ನ ಪಕ್ಷಪಾತ.

ಪ್ರಶ್ನೆ: ಮಗ ನ್ಯೂಜೆರ್ಸಿಯಲ್ಲಿದ್ದಾನೆ. ಊಟಕ್ಕೆ ಕೂರುವಾಗ ವಿಡಿಯೊ ಕರೆ ಮಾಡುತ್ತೇನೆ, ಎಲ್ಲರನ್ನೂ ನೋಡಿ ಎನ್ನುತ್ತಾನೆ. ಅಲ್ಲಿ ಸಂಜೆ 4, ಇಲ್ಲಿ ನಡುರಾತ್ರಿ ಎರಡೂವರೆ. ನಮ್ಮ ಯಜಮಾನರಿಗೆ ರಕ್ತದೊತ್ತಡ. ಬೇಡವೆಂದರೆ ಅವನು ನೊಂದುಕೊಳ್ಳುತ್ತಾನೆ. (ಬೆಂಗಳೂರು)

ಉತ್ತರ: ಊಟದ ಹೊತ್ತಿನ ಕರೆಯಲ್ಲಿ ನಿಮಗೆ ಕಾಣುವುದು ಸೂರು ಮತ್ತು ಯಾರದೋ ಮೊಣಕೈ. ಅದರ ಬದಲು ಅವರ ಗುರುವಾರ ಬೆಳಿಗ್ಗೆ 8ಕ್ಕೆ ಮಾಡಲು ಹೇಳಿ. ನಿಮಗೆ ಸಂಜೆ ಆರೂವರೆ, ದೀಪ ಹಚ್ಚುವ ಸಮಯ. ಆಗ ಅವನು ಅಡುಗೆಮನೆಯಲ್ಲಿ ಐದು ಪೌಂಡ್ ಆಲೂಗಡ್ಡೆಯ ಸಿಪ್ಪೆ ತೆಗೆಯುತ್ತ ನಿಂತಿರುತ್ತಾನೆ, ಕೈಗೆ ಕೆಲಸವಿದ್ದರೂ ಬಾಯಿಗೆ ಬಿಡುವಿರುತ್ತದೆ. ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ನಿಲ್ಲಿಸು ಎನ್ನಿ, ಸಿಪ್ಪೆಯನ್ನು ಅಷ್ಟು ದಪ್ಪಗೆ ತೆಗೆಯಬೇಡವೆಂದು ಇಲ್ಲಿಂದಲೇ ಹೇಳಬಹುದು.