ಗೋಡೆಪತ್ರಿಕೆಯನ್ನು ಹೆಡ್‌ಮಾಸ್ತರು ಮೊದಲೇ ಓದಬೇಕೆ? ನಾನು ಹೊಡೆದುಹಾಕಿದ ಎಂಟು ಸಾಲು

ಅಂಕೋಲೆ ಕಡೆಯ ಪ್ರೌಢಶಾಲೆಯಲ್ಲಿ ಮಕ್ಕಳ ಗೋಡೆಪತ್ರಿಕೆ ನೋಡಿಕೊಳ್ಳುತ್ತೀರಿ. ಪ್ರತಿ ಬರಹವನ್ನೂ ತಾವು ಓದಿ ಸಹಿ ಹಾಕಿದ ಮೇಲೇ ಅಂಟಿಸಬೇಕು ಎಂದು ಹೆಡ್‌ಮಾಸ್ತರು ಹಟ ಹಿಡಿದಿದ್ದಾರೆ. ಹಾಗಿದ್ದರೆ ಪತ್ರಿಕೆಯೇ ಬೇಡ ಎಂದು ಮಕ್ಕಳು ಮುನಿಸಿಕೊಂಡಿದ್ದಾರೆ. ಯಾರ ಕಡೆ ನಿಲ್ಲಲಿ ಎಂದು ಕೇಳಿದ್ದೀರಿ. ಕುಮಟೆಯ ಕಡೆ, ಅಘನಾಶಿನಿ ದಂಡೆಯ ಒಂದು ಶಾಲೆಯಲ್ಲಿ ನಾನೂ ಹನ್ನೊಂದು ವರ್ಷ ಇದೇ ಕೆಲಸ ಮಾಡಿದವ. ನಮ್ಮ ಹೆಡ್‌ಮಾಸ್ತರು ಒಂದು ಸಾಲನ್ನೂ ಮೊದಲು ಓದಿದವರಲ್ಲ. ಪತ್ರಿಕೆ ಮುಳುಗಿದ್ದು ನನ್ನ ಪೆನ್ಸಿಲಿನಿಂದ.

ಅದಕ್ಕೆ ಕಾರಣವಾದ ವರದಿ ಬಿಸಿಯೂಟದ ಅಕ್ಕಿಯದು. ಪ್ರೌಢಶಾಲೆಯ ಮಗುವಿಗೆ ದಿನಕ್ಕೆ 150 ಗ್ರಾಂ ಅಕ್ಕಿಯ ಲೆಕ್ಕ. ನಮ್ಮಲ್ಲಿ ಊಟ ಮಾಡುವವರು 84 ಮಕ್ಕಳು, ಅಂದರೆ 12.6 ಕೆಜಿ. ಹತ್ತನೆಯ ತರಗತಿಯ ಸಂಪಾದಕಿ ಮತ್ತು ಅವಳ ಮೂವರು ಗೆಳತಿಯರು ಐದು ದಿನ ಬೆಳಿಗ್ಗೆ ಅಡುಗೆಕೋಣೆಗೆ ಹೋಗಿ, ತೊಳೆಯುವ ಮೊದಲೇ ಅಕ್ಕಿ ತೂಗಿದರು. (ಬೇಯಿಸಿದ ಅನ್ನ ತೂಗಿ ಲೆಕ್ಕ ಹಾಕುವವರಿದ್ದಾರೆ. ಅನ್ನ ನೀರು ಕುಡಿದು ಎರಡೂವರೆ, ಮೂರು ಪಟ್ಟು ತೂಗುತ್ತದೆ, ಆ ಲೆಕ್ಕ ಎಲ್ಲೂ ನಿಲ್ಲುವುದಿಲ್ಲ.) ಐದೂ ದಿನ 12 ಕೆಜಿ ಆಸುಪಾಸು ಬಂತು. ದಿನಕ್ಕೆ 600 ಗ್ರಾಂ ಕಡಿಮೆ.

ಹುಡುಗಿ ಅಲ್ಲಿಗೇ ನಿಲ್ಲಿಸದೆ ಅಡುಗೆಯ ಅಕ್ಕನನ್ನು ಕೇಳಿದಳು. ಅಕ್ಕ ಹೇಳಿದ್ದು: 50 ಕೆಜಿ ಎಂದು ಬರೆದ ಚೀಲ ಇಲ್ಲಿ ತೂಗಿದರೆ 47, 48 ಬರುತ್ತದೆ. ತಿಂಗಳ ಕೊನೆಗೆ ಮಕ್ಕಳು ಉಪವಾಸ ಇರಬಾರದೆಂದು ದಿನಾ ಅಷ್ಟಷ್ಟು ಕಮ್ಮಿ ಹಾಕುತ್ತೇನೆ. ಹುಡುಗಿ ಎರಡು ಚೀಲ ತೂಗಿಸಿಯೂ ನೋಡಿದಳು. ಚೀಲಕ್ಕೆ ಎರಡೂವರೆ ಕೆಜಿ ಕೊರತೆ ಎಂದರೆ ನೂರಕ್ಕೆ ಐದು. 12.6 ಕೆಜಿಯಲ್ಲಿ ನೂರಕ್ಕೆ ಐದು ಎಂದರೆ 630 ಗ್ರಾಂ. ಲೆಕ್ಕ ಕೂಡಿ ಬಂತು. ಇದನ್ನೆಲ್ಲ ವರದಿಯ ಕೊನೆಯ ಎಂಟು ಸಾಲಿನಲ್ಲಿ ಬರೆದಿದ್ದಳು.

ಆ ಎಂಟು ಸಾಲನ್ನು ನಾನು ಶುಕ್ರವಾರ ಸಂಜೆ ಹೊಡೆದುಹಾಕಿದೆ.

ಯಾಕೆಂದು ಬಿಡಿಸಿ ಹೇಳಬೇಕು, ಯಾಕೆಂದರೆ ನಾಳೆ ನೀವೂ ಅದನ್ನೇ ಮಾಡುವವರಿದ್ದೀರಿ. ನಮ್ಮದು 22 ಇಂಚು ಅಗಲ, 30 ಇಂಚು ಉದ್ದದ ಡ್ರಾಯಿಂಗ್ ಶೀಟು. ಮೇಲೆ ಶೀರ್ಷಿಕೆಗೆ ಜಾಗ ಬಿಟ್ಟು ಮೂರು ಅಂಕಣ ಎಳೆದರೆ, ಸೆಂಟಿಮೀಟರಿಗೊಂದು ಸಾಲಿನಂತೆ ಅಂಕಣಕ್ಕೆ 60 ಸಾಲು, ಸಾಲಿಗೆ ಐದು ಪದ. ವರದಿ 68 ಸಾಲು ಇತ್ತು. ಜಾಗ ಸಾಲದು ಎಂದು ನನಗೆ ನಾನೇ ಹೇಳಿಕೊಂಡೆ. ಪಕ್ಕದ ಅಂಕಣದಲ್ಲಿ ನಾನೇ ಬರೆಸಿದ ಸುಭಾಷಿತ ಹತ್ತು ಸಾಲು ನುಂಗಿತ್ತು, ಅದನ್ನು ತೆಗೆಯಬಹುದಿತ್ತು. ನಿಜವಾಗಿ ಹೆದರಿದ್ದು ಚೀಲದ ಮಾತಿಗೆ. ಚೀಲ ಎಂದರೆ ಸರಬರಾಜು, ಸರಬರಾಜು ಎಂದರೆ ಮೇಲಿನವರು, ಮೇಲಿನವರು ಎಂದರೆ ನೋಟಿಸು. ಮಕ್ಕಳನ್ನು, ಶಾಲೆಯನ್ನು ಕಾಪಾಡುತ್ತಿದ್ದೇನೆ ಎಂದೇ ಅಂದುಕೊಂಡಿದ್ದೆ. ಉಳಿದದ್ದೇನು? ‘ದಿನಕ್ಕೆ 600 ಗ್ರಾಂ ಅಕ್ಕಿ ಕಡಿಮೆ’ ಎಂಬ ತಲೆಬರಹ, ಐದು ದಿನದ ತೂಕದ ಪಟ್ಟಿ, ಅಡುಗೆಕೋಣೆಯ ಚಿತ್ರ. ಮಕ್ಕಳು ನ್ಯಾಯವಾಗಿ ಬರೆದ ವರದಿ ನನ್ನ ಕೈದಾಟಿ ಬರುವಷ್ಟರಲ್ಲಿ ಒಬ್ಬ ಹೆಂಗಸಿನ ಮೇಲಿನ ಕಳವಿನ ಆರೋಪವಾಗಿತ್ತು. ಹುಡುಗಿಗೆ ಒಂದು ಮಾತು ಹೇಳಲಿಲ್ಲ. ಶನಿವಾರ ಅಂಟಿಸಿದ ಮೇಲೆ ಎಲ್ಲರ ಜೊತೆ ನಿಂತು ಅವಳೂ ಮೊದಲ ಸಲ ನೋಡಿದಳು.

ಸೋಮವಾರ ಮೀನುಪೇಟೆಯವರೆಗೂ ಸುದ್ದಿ. ಅಕ್ಕ ನನ್ನ ಎದುರು ಬಂದು ಕೇಳಿದ್ದು ಇಷ್ಟೇ: “ನಾ ಹುಡ್ಗಿ ಹತ್ರ ಎಲ್ಲಾ ಹೇಳಿದ್ನಲ ಮಾಸ್ತರೆ, ಅದ್ಯಾಕೆ ಬರ್ಲಿಲ್ಲ?” ನಾಲ್ಕು ದಿನ ಅವರು ಅಡುಗೆಗೆ ಬರಲಿಲ್ಲ. ಎಸ್‌ಡಿಎಂಸಿ (ಪಾಲಕರಿರುವ ಶಾಲಾ ಉಸ್ತುವಾರಿ ಸಮಿತಿ) ಸಭೆ ಕರೆದರು. ಹುಡುಗಿಯ ನೋಟ್‌ಬುಕ್ಕಿನಲ್ಲಿ ಕರಡು ಉಳಿದಿತ್ತು, ಅದನ್ನು ಓದಿದ ಮೇಲೆ ಅಕ್ಕನ ಮರ್ಯಾದೆ ಉಳಿಯಿತು. ಚೀಲ ಇಳಿಸುವಾಗಲೇ ತೂಗುವ ಪದ್ಧತಿಯೂ ಬಂತು. ಪತ್ರಿಕೆಯನ್ನು ಆ ವರ್ಷ ನಿಲ್ಲಿಸಿದರು. ಹುಡುಗಿ ಮತ್ತೆ ಏನನ್ನೂ ಬರೆದು ತರಲಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಎನ್ನುತ್ತೇನೆ. ಮಕ್ಕಳ ಸ್ವಾತಂತ್ರ್ಯ ಒಂದು ತಟ್ಟೆ, ಶಾಲೆಯ ಹಿಡಿತ ಇನ್ನೊಂದು ತಟ್ಟೆ, ನೀವು ತಕ್ಕಡಿ ಹಿಡಿದವರು ಎಂದುಕೊಂಡಿದ್ದೀರಿ. ದೊಡ್ಡವರು ಓದಲಿ, ತೊಂದರೆಯಿಲ್ಲ. ಓದಿದವರು ಏನು ಮಾಡಬಹುದು, ಎಷ್ಟು ದಿನದಲ್ಲಿ, ಯಾರಿಗೆ ತಿಳಿಸಿ ಎಂಬುದು ಬರವಣಿಗೆಯಲ್ಲಿ ಇದೆಯೇ? ಇಲ್ಲದಿದ್ದರೆ ಹೆಡ್‌ಮಾಸ್ತರು ಓದಿದರೂ ಅಪಾಯ, ನೀವು ಓದಿದರೂ ಅಪಾಯ.

ನಿಮ್ಮ ಹೆಡ್‌ಮಾಸ್ತರು ಅಮೆರಿಕದ ಸುಪ್ರೀಂ ಕೋರ್ಟಿನ ಹೇಝಲ್‌ವುಡ್ ತೀರ್ಪು ತೋರಿಸಿದರಂತೆ. ಅದು 1988ರದು, ಐದಕ್ಕೆ ಮೂರರ ಬಹುಮತ. ಶಾಲೆಯ ಪಾಠದ ಭಾಗವಾಗಿ ಬರುವ ಪತ್ರಿಕೆಯನ್ನು, ಕಲಿಕೆಗೆ ಸಂಬಂಧಿಸಿದ ತಕ್ಕ ಕಾರಣವಿದ್ದರೆ ಶಾಲೆ ತಿದ್ದಬಹುದು ಎಂದಿತು. ಆದರೆ ಆ ಕತೆಯನ್ನು ಪೂರ್ತಿ ಓದಲಿ. 1983ರಲ್ಲಿ ಮಿಸೌರಿಯ ಆ ಶಾಲೆಯ ಪ್ರಾಂಶುಪಾಲರಿಗೆ ತಕರಾರು ಇದ್ದದ್ದು ಎರಡು ಬರಹಗಳ ಮೇಲೆ. ತಿದ್ದಿಸಲು ಹೊತ್ತಿಲ್ಲ ಎಂದು ಎರಡು ಪುಟವನ್ನೇ ತೆಗೆಸಿದರು. ಮಕ್ಕಳಿಗೆ ಗೊತ್ತಾದದ್ದು ಪತ್ರಿಕೆ ಅಚ್ಚಾಗಿ ಬಂದ ಮೇಲೆ. ಆ ಎರಡರಲ್ಲಿ ತಂದೆತಾಯಿಯ ವಿಚ್ಛೇದನದ ಬಗ್ಗೆ ಇದ್ದ ಬರಹಕ್ಕೆ ಪ್ರಾಂಶುಪಾಲರು ಕೊಟ್ಟ ಕಾರಣ, ತಂದೆತಾಯಿಗೆ ಉತ್ತರ ಹೇಳಲು ಅವಕಾಶ ಸಿಕ್ಕಿಲ್ಲ ಎಂಬುದು. ಕಾರಣ ನ್ಯಾಯದ್ದೇ. ವಾರದ ಮೊದಲೇ ಓದಿದ್ದರೆ ಮಕ್ಕಳಿಂದಲೇ ಆ ಉತ್ತರ ಕೇಳಿಸಬಹುದಿತ್ತು. ಅದೇ ಕೋರ್ಟು 1969ರ ಟಿಂಕರ್ ಪ್ರಕರಣದಲ್ಲಿ ಮಕ್ಕಳ ಪರ ನಿಂತಿತ್ತು, ಅದನ್ನೂ ತೋರಿಸಿ. ಹೇಗೂ ಎರಡೂ ಇಲ್ಲಿ ನಡೆಯುವ ಕಾನೂನಲ್ಲ. ನಮಗೆ ಇರುವುದು ಮಾತಿನ ಸ್ವಾತಂತ್ರ್ಯ ಕೊಡುವ ಸಂವಿಧಾನದ 19(1)(ಎ) ಮತ್ತು ಅದಕ್ಕೆ ಮಿತಿ ಹಾಕುವ 19(2). ರಾಷ್ಟ್ರಗೀತೆಗೆ ಎದ್ದು ನಿಂತರೂ ಹಾಡಲಿಲ್ಲವೆಂದು ಕೇರಳದಲ್ಲಿ ಶಾಲೆಯಿಂದ ಹೊರಹಾಕಿದ್ದ ಮೂವರು ಮಕ್ಕಳ ಪರವಾಗಿ ನಮ್ಮ ಸುಪ್ರೀಂ ಕೋರ್ಟು 1986ರಲ್ಲಿ ತೀರ್ಪು ಕೊಟ್ಟದ್ದು ಇದರ ಮೇಲೆ, 25ನೇ ವಿಧಿಯ ಧರ್ಮಸ್ವಾತಂತ್ರ್ಯದ ಮೇಲೆ. ಶಾಲೆಯ ಮರ್ಯಾದೆ ಎಂಬ ಮಾತು 19(2)ರಲ್ಲಿ ಇಲ್ಲ.

ಮುಂದಿನ ವರ್ಷ ಪತ್ರಿಕೆ ಮತ್ತೆ ಶುರುವಾದಾಗ ಒಂದು ಪುಟದ ಕರಾರು ಬರೆದೆವು. ಹೆಡ್‌ಮಾಸ್ತರು, ನಾನು, ಸಂಪಾದಕ ಮಕ್ಕಳು, ಎಸ್‌ಡಿಎಂಸಿಯ ಒಬ್ಬ ಪಾಲಕರು ಸಹಿ ಹಾಕಿ ಪತ್ರಿಕೆಯ ಬದಿಯಲ್ಲೇ ಅಂಟಿಸಿದೆವು. ನೀವೂ ಹಾಗೇ ಮಾಡಿ. ಸೋಮವಾರ ಬರಹ ಕೊಡುವುದು, ಬುಧವಾರ ನಾಲ್ಕು ಗಂಟೆಯೊಳಗೆ ಓದಿ ವಾಪಸು ಕೊಡುವುದು, ವಾಪಸು ಬಾರದಿದ್ದರೆ ಒಪ್ಪಿಗೆಯೆಂದೇ ಲೆಕ್ಕ. ಈ ಗಡುವಿಲ್ಲದಿದ್ದರೆ ‘ನೋಡುವಾ, ನೋಡುವಾ’ ಎನ್ನುತ್ತ ಹಾಳೆ ಮೇಜಿನ ಖಾನೆಯಲ್ಲೇ ಹಳತಾಗುತ್ತದೆ.

ತಡೆಯಲು ನಾಲ್ಕೇ ಕಾರಣ ಇಟ್ಟೆವು: ತೊಂದರೆಗೊಳಗಾದ ಮಗುವಿನ ಗುರುತು, ಕೇಳದೆ ಮಾಡಿದ ಆರೋಪ, ಜಾತಿ ಧರ್ಮದ ನಿಂದನೆ, ಬೇರೆಯವರದ್ದನ್ನು ಕದ್ದು ಬರೆದದ್ದು. ಮೊದಲನೆಯದರಲ್ಲಿ ಮಾತ್ರ ರಾಜಿಯೇ ಇಲ್ಲ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾಯ್ದೆಯ 23ನೇ ಕಲಮು, ಬಾಲನ್ಯಾಯ ಕಾಯ್ದೆಯ 74ನೇ ಕಲಮು ಎರಡೂ ಹೆಸರಷ್ಟೇ ಅಲ್ಲ, ಮಗುವಿನ ಗುರುತು ಸಿಗುವ ಯಾವುದನ್ನೂ ಬರೆಯಬಾರದು ಎನ್ನುತ್ತವೆ. ಪೇಟೆಯ ಪತ್ರಿಕೆಗೆ ‘ಒಂಬತ್ತನೆಯ ತರಗತಿಯ ಒಬ್ಬಳು’ ಸಾಕಾದೀತು. ನಿಮ್ಮದೇ ಶಾಲೆಯ ಗೋಡೆಯ ಮೇಲೆ ಅದು ಹೆಸರು ಬರೆದ ಹಾಗೆಯೇ. ಅಂಥ ವಿಷಯ ಮಕ್ಕಳ ಕೈಗೆ ಬಂದರೆ ಅದು ವರದಿಯಲ್ಲ. ಪೊಲೀಸರಿಗೆ ಇಲ್ಲವೇ ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಿ. ಪೋಕ್ಸೊ ಅಡಿ ಗೊತ್ತಿದ್ದೂ ಸುಮ್ಮನಿರುವಂತಿಲ್ಲ.

ಎರಡನೆಯದು, ಆರೋಪ. ಹಿಂದೆ ಐಪಿಸಿ 499 ಇದ್ದ ಮಾನನಷ್ಟ ಈಗ ಭಾರತೀಯ ನ್ಯಾಯ ಸಂಹಿತೆಯ 356. ಕಲಮು ಹೇಳಿ ಮಕ್ಕಳನ್ನು ಹೆದರಿಸಬೇಡಿ, ರೂಢಿ ಮಾಡಿಸಿ: ಯಾರ ಬಗ್ಗೆ ಬರೆದಿದೆಯೋ ಅವರನ್ನು ಮೊದಲೇ ಕಂಡು ಕೇಳುವುದು, ಹೇಳಿದ್ದನ್ನು ಬರೆದುಕೊಂಡು ಅವರಿಗೇ ಓದಿ ಹೇಳುವುದು, ತಾರೀಖು ಹಾಕುವುದು. ಆ ಉತ್ತರ ವರದಿಯ ಮೊದಲ ಹತ್ತು ಸಾಲಿನೊಳಗೇ ಬರಬೇಕು. ನಮ್ಮ ಹುಡುಗಿ ಕೊನೆಗೆ ಇಟ್ಟಿದ್ದಳು. ಜಾಗ ಸಾಲದಾದಾಗ ಕತ್ತರಿ ಬೀಳುವುದು ಕೊನೆಗೇ.

ಇನ್ನು ನಿಮ್ಮ ಪೆನ್ನು. ತಕರಾರಿದ್ದರೆ ಅಂಚಿನಲ್ಲಿ ಕಾರಣದ ಸಂಖ್ಯೆ ಬರೆದು ವಾಪಸು ಕೊಡಿ, ತಿದ್ದುವುದು ಬರೆದವರೇ. ಒಪ್ಪದಿದ್ದರೆ ಹೆಡ್‌ಮಾಸ್ತರು, ಒಬ್ಬ ಪಾಲಕರು, ಒಬ್ಬ ವಿದ್ಯಾರ್ಥಿ ಸೇರಿ ಎರಡು ದಿನದಲ್ಲಿ ತೀರ್ಮಾನಿಸಲಿ. ತಡೆದರೆ ಆ ಜಾಗ ಖಾಲಿ ಇರಲಿ, ಮೇಲೆ ‘ತಡೆಹಿಡಿಯಲಾಗಿದೆ, ಕಾರಣ 2’ ಎಂದು ಬರೆಯಿರಿ. ತುರ್ತು ಪರಿಸ್ಥಿತಿಯ ಶುರುವಿನಲ್ಲಿ, 1975ರ ಜೂನ್ 28ರಂದು, ಇಂಡಿಯನ್ ಎಕ್ಸ್‌ಪ್ರೆಸ್ ಸಂಪಾದಕೀಯದ ಜಾಗವನ್ನು ಖಾಲಿ ಬಿಟ್ಟಿತ್ತಲ್ಲ, ಹಾಗೆ. ನಮ್ಮಲ್ಲಿ ಅಂಥ ಖಾಲಿ ಅಂಕಣ ಒಂದೇ ಸಲ ಬಂತು. ಹುಡುಗರು ಉಳಿದ ಎರಡು ಅಂಕಣ ಬಿಟ್ಟು ಅದನ್ನೇ ನೋಡುತ್ತ ನಿಂತಿದ್ದರು, ಆಮೇಲೆ ಹೆಡ್‌ಮಾಸ್ತರಿಗೆ ತಡೆಯುವ ಉಮೇದು ತಾನಾಗಿ ಇಳಿಯಿತು.

ಕಾಗುಣಿತ ತಪ್ಪಿದ್ದರೆ ಹೇಳಿ, ಅದಕ್ಕಾಗಿ ತಡೆಯಬೇಡಿ.

ಪ್ರತಿ ಬರಹದ ಕರಡನ್ನು ತಕರಾರಿನ ಸಮೇತ ಒಂದು ವರ್ಷ ಫೈಲಿನಲ್ಲಿ ಇಡಿ. ಅಂಟಿಸುವ ಮೊದಲು ಮೊಬೈಲಿನಲ್ಲಿ ಹಾಳೆಯ ಫೋಟೊ ತೆಗೆದಿಡಿ, ಆಮೇಲೆ ಯಾರಾದರೂ ಸಾಲು ಸೇರಿಸಿದರೆ ಗೊತ್ತಾಗಬೇಕು. ಮಳೆಗಾಲದಲ್ಲಿ ಸ್ಕೆಚ್ ಪೆನ್ನು, ಜೆಲ್ ಪೆನ್ನು ಬೇಡ, ಕರಾವಳಿಯ ಥಂಡಿಗೆ ಎರಡೇ ದಿನದಲ್ಲಿ ಮಸಿ ಹರಡುತ್ತದೆ. ಬಾಲ್ ಪೆನ್ನಿನಲ್ಲೇ ಬರೆಸಿ. ಮೈದಾ ಅಂಟು ಹಚ್ಚಿದರೆ ಜಿರಲೆ ತಿನ್ನುತ್ತದೆ, ಬೂಷ್ಟು ಹಿಡಿಯುತ್ತದೆ. ಪ್ಲೈವುಡ್ ಹಲಗೆಗೆ ಪಿನ್ನು ಚುಚ್ಚಿದರೆ ಸಾಕು, ಹಾಳೆ ಇಡಿಯಾಗಿ ಕೈಗೆ ಬರುತ್ತದೆ, ಫೈಲಿಗೂ ಹೋಗುತ್ತದೆ.