ಕಾವು ಪೆಟ್ಟಿಗೆಯೊಳಗ ಮರಿ ಪೂರ್ತಿ ಬೆಳದು ತತ್ತಿಯೊಳಗ ಯಾಕ ಸಾಯ್ತಾವು

ಮುದ್ದೇಬಿಹಾಳದವರ ಪ್ರಶ್ನೆಗೆ ಉತ್ತರ. ಥರ್ಮಾಕೋಲ್ ಡಬ್ಬಿಯೊಳಗ 30 ಜವಾರಿ ತತ್ತಿ ಇಟ್ಟಾರ, 6 ಮರಿ ಹೊರಗ ಬಂದಾವ, ಉಳಿದವನ್ನ ಒಡದು ನೋಡಿದ್ರ ಪುಕ್ಕ ಬಂದ ಮರಿ ಒಳಗ ಸತ್ತಾವ. "ಬಲ್ಬ್ ದೊಡ್ಡದು ಹಾಕ್ರಿ" ಅಂತ ಭಾಳ ಮಂದಿ ಬರದೀರಿ. ಬ್ಯಾಡ್ರಿ. ಮರಿ ಅಷ್ಟು ಬೆಳದೈತಿ ಅಂದ್ರ ಕಾವು ಸುಮಾರು ಸರಿನೇ ಇತ್ತು. ಮೊದಲ ತೇವದ ಲೆಕ್ಕ ನೋಡ್ರಿ.

ಸತ್ತ ತತ್ತಿ ಒಡದಾಗ ಒಳಪೊರೆ ಒಣ ಕಾಗದದಂಗ ಮರಿಗೆ ಅಂಟಿತ್ತಂದ್ರ ಕಡೀ ಮೂರು ದಿನ ತೇವ ಸಾಲಲಿಲ್ಲ. ಮರಿ ಉಬ್ಬಿ, ಸುತ್ತ ಲೋಳಿ ಇತ್ತಂದ್ರ ಮೊದಲ 18 ದಿನ ತೇವ ಹೆಚ್ಚಾಗೈತಿ. ನಮ್ಮ ಕಡೆ ಒಣ ಹವಾಕ್ಕ ಮೊದಲನೇದ ಜಾಸ್ತಿ, ಮಳಿಗಾಲದಾಗ ಎರಡನೇದು. ತೇವ ಮೊದಲ 18 ದಿನ 45ರಿಂದ 50, ಆಮ್ಯಾಲೆ 65ರಿಂದ 70 ಪರ್ಸೆಂಟ್ ಇರಲಿ. ನೀರಿನ ಆಳ ಮುಖ್ಯ ಅಲ್ಲ, ಅಗಲ ಮುಖ್ಯ. ಲೋಟ ತಗದು ಅಗಲ ತಾಟು ಇಡ್ರಿ. ಕಡೀಕ ಹತ್ತಿ ಬಟ್ಟಿಯ ಒಂದು ತುದಿ ನೀರಾಗ ಬಿಟ್ಟು ಇನ್ನೊಂದು ತುದಿ ಮ್ಯಾಲೆ ಕಟ್ರಿ. 18ನೇ ದಿನದ ಮ್ಯಾಲೆ ಮುಚ್ಚಳ ತಗೀಬ್ಯಾಡ್ರಿ. ಒಂದು ಮರಿ ಚಿಂವ್ ಅಂದ ಕೂಡ್ಲೆ ತಗದು ನೋಡೋ ಚಟದಿಂದನೇ ಉಳಿದವು ಒಣಗತಾವ.

ತೇವದ ಮೀಟರ್ ನಂಬೋ ಮೊದಲ ಪರೀಕ್ಷೆ ಮಾಡ್ರಿ: ಬಾಟಲಿ ಮುಚ್ಚಳದಾಗ ಅಡಗಿ ಉಪ್ಪು, ಹಸಿ ಆಗೋವಷ್ಟು ನೀರು, ಮೀಟರ್ ಜೋಡಿ ಗಾಳಿ ಆಡದ ಪ್ಲಾಸ್ಟಿಕ್ ಚೀಲದಾಗ 8 ತಾಸು. 75 ತೋರಿಸಬೇಕು. 68 ತೋರಿಸಿದ್ರ 7 ಕೂಡಿಸಿ ಓದ್ರಿ.

ಇನ್ನ ಡಬ್ಬಿ. 60×40 ಸೆಂ.ಮೀ. ಥರ್ಮಾಕೋಲ್ ಡಬ್ಬಿಗೆ 40 ತತ್ತಿ ಆರಾಮ. 25 ವ್ಯಾಟಿನ ಹಳೇ ನಮೂನಿ ಬಲ್ಬ್ ಎರಡು ಪ್ಯಾರಲಲ್ ಜೋಡಿಸ್ರಿ, ಒಂದು ಸುಟ್ರೂ ರಾತ್ರಿ ದಾಟತೈತಿ. ಎಲ್ಇಡಿ ನಡಿಯೂದಿಲ್ಲ, ಅದರ ಕಾವು ಸಾಲೂದಿಲ್ಲ. ಬಲ್ಬಿಗೆ ತೂತು ಹೊಡದ ತಗಡಿನ ಡಬ್ಬಿ ಮುಚ್ಚಿ ಥರ್ಮಾಕೋಲಿನಿಂದ ನಾಲ್ಕು ಇಂಚು ದೂರ ಇಡ್ರಿ, ಇಲ್ಲಾಂದ್ರ ಗೋಡಿ ಕರಗತೈತಿ. 12 ವೋಲ್ಟಿನ ಕಂಪ್ಯೂಟರ್ ಫ್ಯಾನ್ ಬೇಕೇಬೇಕು, ಗಾಳಿ ಸೀದಾ ತತ್ತಿಗೆ ಬಡೀಬಾರದು. ಕೆಳಗ ನಾಲ್ಕು, ಮ್ಯಾಲೆ ನಾಲ್ಕು ಬೆರಳಗಾತ್ರದ ತೂತು. ಕಡೀ ಮೂರು ದಿನ ಯಾವ ತೂತೂ ಮುಚ್ಚಬ್ಯಾಡ್ರಿ, ಆಗ ಮರಿ ಉಸಿರಾಡತಾವ.

ಡಬ್ಲ್ಯೂ 1209 ಕಂಟ್ರೋಲರ್ (ಕಾವು ನೋಡಿ ಬಲ್ಬ್ ತಾನ ಹಚ್ಚಿ ಆರಿಸೋ ಸಣ್ಣ ಬೋರ್ಡು) ತಗೊಂಡವರು ಸೆಟ್ ಬಟನ್ 5 ಸೆಕೆಂಡ್ ಒತ್ತಿ ಹಿಡೀರಿ. ಪಿ0 ಅನ್ನೋ ಸೆಟ್ಟಿಂಗ್ ಕಂಪನಿಯಿಂದ 'ಸಿ' ಅಂತ ಬರತೈತಿ, ಅಂದ್ರ ತಂಪು ಮಾಡೋ ನಮೂನಿ. ಹಂಗ ಬಿಟ್ರ ತಂಪಿದ್ದಾಗ ಬಲ್ಬ್ ಹತ್ತೂದಿಲ್ಲ, ಬಿಸಿ ಏರಿದ ಮ್ಯಾಲೆ ಉರೀತೈತಿ, ತತ್ತಿ ಬೆಂದ ಹೋಗತಾವ. 'ಎಚ್' (ಬಿಸಿ ಮಾಡೋ ನಮೂನಿ) ಮಾಡ್ರಿ. ಪಿ1, ಅಂದ್ರ ಬಲ್ಬ್ ಆರಿ ಮತ್ತ ಹತ್ತೋದರ ನಡುವಿನ ಡಿಗ್ರಿ ಅಂತರ, 2.0 ಇರತೈತಿ, 0.2ಕ್ಕ ಇಳಿಸ್ರಿ. ಫ್ಯಾನ್ ಇದ್ರ 37.5 ಡಿಗ್ರಿ, ಸೆನ್ಸರ್ ತತ್ತಿಯ ಮ್ಯಾಲಿನ ಮಟ್ಟದಾಗ. ಸೆನ್ಸರ್ ಮತ್ತ ಜ್ವರದ ಥರ್ಮಾಮೀಟರ್ ಎರಡನ್ನೂ ಒಂದೇ ಉಗುರುಬೆಚ್ಚಗಿನ ನೀರಾಗ ಹಿಡದು ತಾಳೆ ನೋಡ್ರಿ. 230 ವೋಲ್ಟಿನ ತಂತಿ ಮತ್ತ ಬೋರ್ಡು ಬಯಲಾಗ ಇರಬಾರದು, ನೀರಿನ ತಾಟು ಅಲ್ಲೇ ಐತಿ.

ತತ್ತಿ ಏಳು ದಿನದೊಳಗಿನವು ಇರಲಿ, ತೊಳೀಬ್ಯಾಡ್ರಿ. ಪೆಟ್ಟಿಗ್ಯಾಗ ಇಡೋತನಕ ಹಸಿ ಉಸುಕಿನ ಗಡಿಗಿ ಮ್ಯಾಲೆ ಚೂಪು ತುದಿ ಕೆಳಗ ಮಾಡಿ ಇಡ್ರಿ. ಪೆನ್ಸಿಲಿನಿಂದ ಒಂದ ಮಗ್ಗಲಿಗೆ ಗುಣಿಸು, ಇನ್ನೊಂದಕ್ಕ ಸೊನ್ನಿ ಬರದು 18ನೇ ದಿನದತನಕ ದಿನಾ 3 ಅಥವಾ 5 ಸಲ ಹೊರಳಿಸ್ರಿ. ಬೆಸ ಲೆಕ್ಕ ಯಾಕಂದ್ರ ರಾತ್ರಿಯ ಉದ್ದ ಹೊತ್ತು ಒಂದೇ ಮಗ್ಗಲಕ್ಕ ಬೀಳಬಾರದು.

ಏಪ್ರಿಲ್, ಮೇದಾಗ ವಿಜಯಪುರ ಕಡೆ ಬಿಸಲು 40 ದಾಟತೈತಿ. ಪತ್ರಾಸ ಶೆಡ್ಡಿನಾಗ ಪೆಟ್ಟಿಗಿ ಇಟ್ರ ಬಲ್ಬ್ ಆರಿದ್ರೂ ಕಾವು ಏರತೈತಿ, 'ಎಚ್'ನಾಗ ಇಟ್ಟ ಕಂಟ್ರೋಲರ್ ಬಲ್ಬ್ ಆರಿಸತೈತಿ ಅಷ್ಟ, ತಂಪು ಮಾಡಾಕ ಬರೂದಿಲ್ಲ. ಮಣ್ಣಿನ ಮಾಳಿಗಿ ಮನಿ ಒಳಗಿನ ಖೋಲ್ಯಾಗ ಇಡ್ರಿ, ಇಲ್ಲಾ ಆ ಎರಡು ತಿಂಗಳು ಕೋಳಿಗೇ ಬಿಡ್ರಿ. ಕರೆಂಟ್ ಎರಡು ಮೂರು ತಾಸು ಹೋದ್ರ ಗಾಬರಿ ಬ್ಯಾಡ, ಕಂಬಳಿ ಹೊಚ್ಚಿ ತೂತು ಬಿಟ್ರ ಸಾಕು. ತಂಪು ತಡಕೊಂಡಂಗ ಬಿಸಿ ತಡಕೊಳ್ಳೂದಿಲ್ಲ ತತ್ತಿ.

ಇನ್ನೊಬ್ರು ಹೊಲದಾಗ ಸಿಕ್ಕ ಹಾವಿನ ತತ್ತಿ ಇದರಾಗ ಇಡಬಹುದೇನು ಅಂತ ಕೇಳ್ಯಾರ. ಇಡಬ್ಯಾಡ್ರಿ. ಅವನ್ನ ಹೊರಳಿಸಿದ್ರ ಒಳಗಿನ ಮರಿ ಸಾಯೋದ ಜಾಸ್ತಿ, ಮ್ಯಾಲಾಗಿ 1972ರ ವನ್ಯಜೀವಿ ಕಾಯ್ದೆ ಐತಿ. ಇದ್ದಲ್ಲೇ ಬಿಟ್ಟು ಅರಣ್ಯ ಇಲಾಖೆಗೆ ತಿಳಸ್ರಿ.